ಒಪ್ಪಿಕೊಂಡು ಬಂದ ರಾಯಭಾರಿ

ಅರ್ಧ ರಾಜ್ಯ ಕೇಳಿಕೊಂಡು ಬಾ ಎಂದು ಕಳಿಸಿದರೆ, ಕೊಡದೆ ಕೂತವನೇ ಸರಿ ಎಂದು ಒಪ್ಪಿಕೊಂಡು ಎದ್ದು ಬಂದ ರಾಯಭಾರಿಯನ್ನು ನೀವು ಎಲ್ಲಾದರೂ ಕಂಡಿದ್ದೀರಾ? ಪುರಾಣದಲ್ಲಿ ಹುಡುಕಬೇಡಿ, ಸಿಗುವುದಿಲ್ಲ. ನಾನು ಕಂಡಿದ್ದೇನೆ. ಅವನ ಮನೆಯಲ್ಲಿ ಉಂಡಿದ್ದೇನೆ, ಅವನ ಕೈಕೆಳಗೆ ಕೆಲಸ ಮಾಡಿದ್ದೇನೆ. ಅವನು ನನ್ನ ಸೋದರಮಾವ!

ತಾಳಮದ್ದಳೆ ಗೊತ್ತಲ್ಲ? ವೇಷವಿಲ್ಲ, ಕುಣಿತವಿಲ್ಲ. ಭಾಗವತರು ಪದ ಹಾಡುತ್ತಾರೆ, ಎದುರುಬದುರು ಕೂತ ಅರ್ಥಧಾರಿಗಳು ತಮ್ಮ ತಮ್ಮ ಪಾತ್ರದ ಪರವಾಗಿ ವಾದ ಹೂಡುತ್ತಾರೆ. ಸಾಗರ, ಹೊಸನಗರ, ತೀರ್ಥಹಳ್ಳಿ ಸೀಮೆಯಲ್ಲಿ ಮನೆಯಲ್ಲಿ ಬಾಯಿ ಬಿಡದವನೂ ತಾಳಮದ್ದಳೆಗೆ ಕೂತರೆ ಗಂಟೆಗಟ್ಟಲೆ ಮಾತಾಡುತ್ತಾನೆ. ಒಮ್ಮೆ ಹೆಗ್ಗೋಡಿನ ಹತ್ತಿರ ಸಂಧಾನದ ಪ್ರಸಂಗ ಇಟ್ಟುಕೊಂಡಿದ್ದರು. ರಾಯಭಾರಿಯಾಗಿ ಬರುವ ದೇವರ ಅರ್ಥ ಹೇಳಬೇಕಾದವರಿಗೆ ಜ್ವರ ಬಂತೆಂದು ನಮ್ಮ ಮಾವನನ್ನು ಹಿಡಿದು ಕೂರಿಸಿದರು. ಎದುರಿಗೆ ಸಿಂಹಾಸನದವನ ಅರ್ಥಕ್ಕೆ ಒಬ್ಬ ಗಟ್ಟಿ ಮಾತುಗಾರ. "ಹದಿಮೂರು ವರ್ಷ ಈ ಭೂಮಿ ನೋಡಿಕೊಂಡವನು ನಾನು. ಬೇಲಿ ಕಟ್ಟಿದವನು ನಾನು. ಈಗ ಕಾಡಿನಿಂದ ಎದ್ದು ಬಂದವರು ಕೊಡು ಎಂದರೆ ಕೊಟ್ಟುಬಿಡಬೇಕೋ?" ಎಂದು ಅವನು ತೊಡೆ ತಟ್ಟಿದ. ಮಾವ ಗಲ್ಲಕ್ಕೆ ಕೈಹಚ್ಚಿ ಕೇಳಿಸಿಕೊಂಡ. ಆಮೇಲೆ, "ಅದೂ ಸರಿಯೇ" ಎಂದುಬಿಟ್ಟ!

ಸಭೆಯಲ್ಲಿದ್ದ ಗೇಣಿಗೆ ಉಳುವವರೆಲ್ಲ ಚಪ್ಪಾಳೆ ಹೊಡೆದರು. ಜಮೀನಿನ ಒಡೆಯರೆಲ್ಲ ಶಲ್ಯ ಕೊಡವಿಕೊಂಡು ಎದ್ದು ಹೊರಟರು. ಭಾಗವತರು ತಾಳ ಕೆಳಗಿಟ್ಟು, "ಇನ್ನು ಯುದ್ಧ ಆಗೋದು ಹೆಂಗೆ ಮಾರಾಯ್ರೆ? ನಾ ಮುಂದಿನ ಪದ ಎಂತ ಹಾಡ್ಲಿ?" ಎಂದು ಕೇಳಿದರು. ಮಾವ ಅದಕ್ಕೂ "ಅದೂ ಸರಿಯೇ" ಎಂದನಂತೆ. ಹುಂಚದ ಕಡೆ ಇನ್ನೊಂದು ಪ್ರಸಂಗದಲ್ಲಿ, ಮರದ ಮರೆಯಿಂದ ಬಾಣ ಬಿಡುವವನ ಅರ್ಥ ಕೊಟ್ಟು ನೋಡಿದರು. ಬಿದ್ದವನು ನಾಲ್ಕು ಮಾತು ಆಡುವುದರೊಳಗೆ ಇವನು ಕಣ್ಣಲ್ಲಿ ನೀರು ತಂದುಕೊಂಡು, ಬಾಣ ಕಿತ್ತುಕೊಡುತ್ತೇನೆ ಎಂದು ಎದ್ದು ನಿಂತ! ಅಲ್ಲಿಗೆ ಮೂರು ತಾಲೂಕಿನಲ್ಲಿ ಅವನನ್ನು ಯಾರೂ ಕರೆಯಲಿಲ್ಲ.

ಮನೆಯಲ್ಲಾದರೂ ನೆಟ್ಟಗಿದ್ದನೇ? ಹಾಲಿಗೆ ನೀರು ಬೆರೆಸುತ್ತಾಳೆಂದು ಹಾಲಿನವಳನ್ನು ಗದರಿಸಿ ಬರಲು ಅತ್ತೆ ಅವನನ್ನು ಅಟ್ಟಿದಳು. ಹೋದವನು ಅರ್ಧ ಗಂಟೆ ಬಿಟ್ಟು ಬಂದ.

"ಬೈದ್ರಾ?" ಎಂದಳು ಅತ್ತೆ.

"ಅಲ್ಲ ಮಾರಾಯ್ತಿ, ಮಳೆಗಾಲದಲ್ಲಿ ಎಮ್ಮೆ ದಿನಪೂರ್ತಿ ನೆನೀತದೆ. ಹಾಲು ಒಂಚೂರು ನೀರಾಗದೆ ಇರ್ತದಾ? ಅವಳು ಹೇಳೋದೂ ಸರಿಯೇ."

ಅತ್ತೆ ಅವತ್ತು ಅವನಿಗೆ ಕೊಟ್ಟ ಕಾಫಿಯಲ್ಲಿ ಹಾಲೇ ಇರಲಿಲ್ಲ. ಅದನ್ನೂ ಸರಿಯೇ ಎಂದು ಕುಡಿದ.

ಇಂಥವನು ಸಾಗರದ ಒಂದು ಮೋಟಾರು ಕಂಪನಿಯಲ್ಲಿ ಮ್ಯಾನೇಜರು ಎಂದರೆ ನೀವು ನಂಬಬೇಕು. ಮ್ಯಾನೇಜರನ್ನಾಗಿ ಮಾಡಿದ್ದು ಯಾಕೆ? ಏನು ಹೇಳಿದರೂ "ಅದೂ ಸರಿಯೇ" ಎನ್ನುವ ಒಬ್ಬ ಮನುಷ್ಯ ಕಂಪನಿಯ ಧಣಿ ಸಾಹುಕಾರರಿಗೆ ಬೇಕಾಗಿತ್ತು. ಅವನು ಎಲ್ಲರಿಗೂ ಹಾಗೇ ಹೇಳುತ್ತಾನೆ ಎಂಬುದು ಅವರಿಗೆ ತಡವಾಗಿ ತಿಳಿಯಿತು! ಕಂಪನಿ ಎಂದ ಕೂಡಲೇ ಭಾರಿ ಕಲ್ಪನೆ ಮಾಡಿಕೊಳ್ಳಬೇಡಿ. ಬೆರಳಲ್ಲಿ ಎಣಿಸುವಷ್ಟು ಬಸ್ಸು, ಅದರಲ್ಲಿ ಒಂದು ಸದಾ ಬಾನೆಟ್ಟು ತೆರೆದುಕೊಂಡು ಶೆಡ್ಡಿನಲ್ಲಿ ಆಕಳಿಸುತ್ತಿತ್ತು. ಆಣೆಕಟ್ಟಿನ ನೀರು ಏರುತ್ತಿದ್ದ ಕಾಲ. ಮುಳುಗಡೆಯವರು ಹಳೇ ಮನೆಯ ಬಾಗಿಲು, ದಾರಂದ, ತೊಟ್ಟಿಲು ಎಲ್ಲವನ್ನೂ ಬಸ್ಸಿನ ನೆತ್ತಿಯ ಮೇಲೆ ಹೇರಿಕೊಂಡು ಹೊಸ ಊರು ಹುಡುಕುತ್ತ ಹೋಗುತ್ತಿದ್ದರು. ಹಾಗಾಗಿ ಕಂಪನಿಗೆ ಜನಕ್ಕೇನೂ ಬರವಿರಲಿಲ್ಲ. ಬರವಿದ್ದದ್ದು ಹೊತ್ತು ಗೊತ್ತಿಗೆ.

ನಾನು ಬುಕಿಂಗ್ ಆಫೀಸಿನ ಗುಮಾಸ್ತ. ತೀರ್ಥಹಳ್ಳಿ ಲೈನಿಗೆ ಸಣ್ಣಯ್ಯ ಡ್ರೈವರು. ಶೆಡ್ಡಿಗೆ ಇಬ್ರಾಹಿಂ ಸಾಹೇಬರು ಫಿಟ್ಟರು. ಈ ಮೂರು ಕಡೆಯವರು ಒಂದೇ ಧಣಿಯ ಉಪ್ಪು ತಿನ್ನುವವರು ಎಂದು ಹೊಸಬರು ಯಾರೂ ಹೇಳಲಾರರು. ಬಸ್ಸು ತಡವಾದರೆ ನಾನು ಸಣ್ಣಯ್ಯನನ್ನು ಬೈಯುವುದು, ಸಣ್ಣಯ್ಯ ಇಬ್ರಾಹಿಂರನ್ನು ಬೈಯುವುದು, ಇಬ್ರಾಹಿಂ "ಆ ಬುಕಿಂಗಿನವ ಹೊರೆ ಹೇರಿ ಸ್ಪ್ರಿಂಗು ಮುರೀತಾನೆ" ಎಂದು ನನ್ನನ್ನು ಬೈಯುವುದು. ಮೂವರೂ ಮ್ಯಾನೇಜರ ಹತ್ತಿರ ದೂರು ಒಯ್ದರೆ ಅಲ್ಲಿ ಸಿಗುವ ತೀರ್ಪು ಯಾವುದೆಂದು ನಿಮಗೆ ಗೊತ್ತೇ ಇದೆ.

ಹೀಗಿರುವಾಗ ಸಾಹುಕಾರರು ಒಂದು ದಿನ ಗುಡುಗಿದರು. ತೀರ್ಥಹಳ್ಳಿಯಲ್ಲಿ ನಮ್ಮ ಬಸ್ಸಿನಿಂದ ಇಳಿದು ಜನ ಘಟ್ಟ ಇಳಿಯುವ ಬಸ್ಸು ಹತ್ತಬೇಕು. ನಮ್ಮದು ಮುಟ್ಟುವ ಹೊತ್ತಿಗೆ ಘಟ್ಟದ ಬಸ್ಸಿನ ಹೊಗೆ ಮಾತ್ರ ಕಾಣುತ್ತಿತ್ತು. ಜನ ಶಾಪ ಹಾಕುತ್ತಿದ್ದರು. ಬೇರೊಂದು ಕಂಪನಿ ಈ ಲೈನಿನ ಮೇಲೆ ಕಣ್ಣು ಹಾಕಿತ್ತು. "ದೀಪಾವಳಿ ಒಳಗೆ ಬಸ್ಸು ಹೊತ್ತಿಗೆ ಮುಟ್ಟಬೇಕು. ಇಲ್ಲಾಂದ್ರೆ ಲೈನು ಮಾರಿಬಿಡ್ತೀನಿ. ಲೈನಿನ ಜನ, ಶೆಡ್ಡಿನ ಜನ, ನೀವು, ಎಲ್ಲ ಮನೆಗೆ ಹೋಗಿ," ಎಂದರು. ಮಾವ ತಲೆಯಾಡಿಸಿ ಎಂದಿನ ಮಾತನ್ನೇ ಹೇಳಿದ. ಸಣ್ಣಯ್ಯನಿಗೆ ಮದುವೆಗೆ ಬಂದ ತಂಗಿ ಇದ್ದಳು, ಇಬ್ರಾಹಿಂರಿಗೆ ಮನೆ ತುಂಬ ಮಕ್ಕಳು. ಇವನಿಗೆ ಸರಿಯಂತೆ! ನನಗೆ ಮೈ ಉರಿದುಹೋಯಿತು.

ಆದರೆ ಅಂದು ಮಾವನ ತಲೆಯೊಳಗೆ ಒಂದು ಹುಳ ಹೊಕ್ಕಿತು. ಎಲ್ಲರ ಬುದ್ಧಿಯನ್ನೂ ಎಲ್ಲರಿಗೂ ಹಂಚಬೇಕಂತೆ! ಒಬ್ಬರ ಕೆಲಸದ ಉಪಾಯ ಇನ್ನೊಬ್ಬರಿಗೆ ಬರಬೇಕಂತೆ! ಬುದ್ಧಿಯೇನು ಪಂಚಕಜ್ಜಾಯವೇ, ಅಂಗೈಗೆ ಹಾಕಿಕೊಂಡು ಹೋಗಲು? ಮೊದಲಿಗೆ ಪೇಟೆಯ ಹೋಟೆಲಿನ ಮಾಣಿಯನ್ನು ಕರೆತಂದ. ಏನೂ ಬರೆದುಕೊಳ್ಳದೆ ಹತ್ತು ಮೇಜಿನ ತಿಂಡಿ ನೆನಪಿಟ್ಟುಕೊಂಡು ಕೂಗುವವನು ನಮ್ಮ ಕಂಡಕ್ಟರಿಗೆ ಗುರು. ಮಾರನೆಯ ದಿನದಿಂದ ಕಂಡಕ್ಟರು ಬಸ್ಸಿನೊಳಗೆ, "ಒಂದು ಹುಂಚ, ಎರಡು ಬಟ್ಟೆಮಲ್ಲಪ್ಪ, ಕಿಟಕಿ ಪಕ್ಕ ಒಂದು ಹೊಸನಗರಾ ಬಿಸಿಬಿಸೀ!" ಎಂದು ಒದರತೊಡಗಿದ. ಕಿಟಕಿ ಪಕ್ಕ ಕೂತಿದ್ದ ಹೊಸನಗರದ ಮುದುಕರು ಇಳಿಯುವ ತನಕ ಅವನನ್ನು ದುರುಗುಟ್ಟಿಕೊಂಡು ನೋಡಿದರಂತೆ.

ಅದು ಸಾಲದೆಂದು ಇಬ್ರಾಹಿಂ ಸಾಹೇಬರನ್ನು ಒಂದು ದಿನ ನನ್ನ ಕಿಟಕಿಯಲ್ಲಿ ಕೂರಿಸಿದ. ಅವರು ಸುಳ್ಳು ಹೇಳಿ ಗೊತ್ತಿಲ್ಲದ ಮನುಷ್ಯರು. ತೀರ್ಥಹಳ್ಳಿಗೆ ಒಂದು ಟಿಕೇಟು ಎಂದು ಕೈ ಚಾಚಿದವರಿಗೆಲ್ಲ, "ಹೊಸನಗರ ತನಕ ಹೆದರಬೇಡಿ. ಆಮೇಲಿನ ಇಳಿಜಾರಿನಲ್ಲಿ ದೇವರ ಮೇಲೆ ಭಾರ ಹಾಕಿ ಕೂತ್ಕೊಳ್ಳಿ. ಬ್ರೇಕು ನಾನೇ ನೋಡಿದ್ದೀನಿ," ಎಂದರು. ಅವತ್ತು ಸಾಗರದಿಂದ ನಡೆದುಕೊಂಡು ಹೋದವರೂ ಇದ್ದಾರೆ! ನನ್ನನ್ನೋ, ಬಸ್ಸಿನ ನೆತ್ತಿ ಹತ್ತಿಸಿ ಸಾಮಾನು ಕಟ್ಟಲು ಬಿಟ್ಟಿದ್ದ. ಹತ್ತಿದೆ, ಕಟ್ಟಿದೆ. ಇಳಿಯಲು ಬರಲಿಲ್ಲ. ಮುಳುಗಡೆಯವರೊಬ್ಬರ ತೊಟ್ಟಿಲಲ್ಲಿ ಕೂತು ಬಸ್ ಸ್ಟ್ಯಾಂಡಿನಿಂದ ಶೆಡ್ಡಿನ ತನಕ ಮೆರವಣಿಗೆ ಹೋದೆ. ಪೇಟೆಯ ಹೆಂಗಸರು ಬಾಗಿಲಿಗೆ ಬಂದು ನೋಡಿದರು. ನನಗೆ ಆಗ ಹೆಣ್ಣು ನೋಡುತ್ತಿದ್ದರು ಎಂಬುದನ್ನು ಇಲ್ಲಿ ಹೇಳಲೇಬೇಕು.

ರಾತ್ರಿ ಊಟಕ್ಕೆ ಕೂತಾಗ, "ಮಾವ, ಇದೆಲ್ಲ ಯಾರಿಗೆ ಬೇಕಾಗಿತ್ತು? ನಿನ್ನ ತಲೆ ಕೆಟ್ಟಿದೆ," ಎಂದೆ.

"ಅದೂ ಸರಿಯೇ ಕಣೋ," ಎಂದು ಮಾವ ಅನ್ನಕ್ಕೆ ಸಾರು ಕಲಸಿದ. "ಆದ್ರೆ ಒಂದು ನೋಡು. ತಾಳಮದ್ದಳೇಲಿ ನಾನು ಸೋತಿದ್ದು ಯಾಕೆ ಗೊತ್ತಾ? ನನ್ನ ಪಾತ್ರ ಮಾಡ್ತಾ ಎದುರಿನವನದ್ದೂ ಕೇಳಿಸಿಕೊಂಡೆ. ಮೊದಲೇ ಎದುರಿನವನ ಪಾತ್ರ ಕೊಟ್ಟುಬಿಟ್ಟಿದ್ರೆ?"

ಅತ್ತೆ, "ಇವರಿಗೆ ಮಜ್ಜಿಗೆ ಬಡಿಸೋ ಹಾಗಿಲ್ಲ, ತಲೆಗೆ ಹೊಯ್ಯಬೇಕು," ಎಂದಳು.

ಮುಂದಿನ ಸೋಮವಾರ ನಮ್ಮ ಲೈನಿಗೆ ವಾರದ ರಜೆ. ಅವತ್ತು ಮಧ್ಯಾಹ್ನ ಶೆಡ್ಡಿನಲ್ಲಿ ತಾಳಮದ್ದಳೆ! ಪ್ರಸಂಗ: ಬಸ್ಸು ತಡವಾಗುವುದು ಯಾಕೆ. ಭಾಗವತ ಮಾವನೇ. ಪದ ಬಾರದ ಕಾರಣ ಖಾಲಿ ಡೀಸೆಲ್ ಡಬ್ಬ ಬೋರಲು ಹಾಕಿ ಬಡಿದ. ಒಂದೇ ಒಂದು ನಿಯಮ. ಯಾರೂ ತಮ್ಮ ಪರವಾಗಿ ಮಾತಾಡುವಂತಿಲ್ಲ. ನಾನು ಡ್ರೈವರು, ಸಣ್ಣಯ್ಯ ಫಿಟ್ಟರು, ಇಬ್ರಾಹಿಂ ಸಾಹೇಬರು ಬುಕಿಂಗ್ ಗುಮಾಸ್ತ. ನಾಚಿಕೆಯಿಂದ ನನಗೆ ತಲೆ ಎತ್ತಲಾಗಲಿಲ್ಲ. ಆದರೆ ನಮ್ಮ ಸೀಮೆಯವರ ಚಾಳಿ ನಿಮಗೆ ಗೊತ್ತಿಲ್ಲ. ಎದುರುಬದುರು ಕೂರಿಸಿ ಏನಾದರೊಂದು ಬಡಿದರೆ ಸಾಕು, ಗೆಲ್ಲಲೇಬೇಕು ಎಂಬ ಹುಕಿ ಹುಟ್ಟಿಬಿಡುತ್ತದೆ!

ಇಬ್ರಾಹಿಂ ಸಾಹೇಬರು ಕೆಮ್ಮಿ, ನನ್ನ ಹಾಗೆಯೇ ಮೂಗು ಏರಿಸಿ ಶುರುಮಾಡಿದರು. "ಬಸ್ಸು ಎಂಟಕ್ಕೆ ಹೊರಡಬೇಕು. ಆದ್ರೆ ಆ ಶೆಡ್ಡಿನವ ಬ್ರೇಕು ಬಿಗಿಯೋಕೆ ಹಿಡಿಯೋದೇ ಜನ ಎಲ್ಲ ಬಂದಮೇಲೆ. ಅದಕ್ಕೇ ನಾನು ಜನಕ್ಕೆ ಏಳೂವರೆ ಅಂತ ಸುಳ್ಳು ಹೇಳ್ತೀನಿ. ನಂದೆಂತ ತಪ್ಪು?"

ಸಣ್ಣಯ್ಯ ಬಿಟ್ಟಾನೆಯೇ? ಎರಡೂ ಕೈ ಎಣ್ಣೆಯಾದವನಂತೆ ಪಂಚೆಗೆ ಒರೆಸಿಕೊಂಡು, "ನಾನು ಬೇಗ ಬಿಗಿದು ಕೊಟ್ರೆ ಓಡ್ಸೋರು ಯಾರು? ಆ ಡ್ರೈವರು ದೋಸೆ ತಿಂದು, ಎಲೆ ಹಾಕಿ, ಎದ್ದು ಬರೋದೇ ಎಂಟೂವರೆಗೆ!" ಎಂದ.

ನನ್ನ ರಕ್ತ ಕುದಿಯಿತು. ನಾನೀಗ ಡ್ರೈವರಲ್ಲವೇ? ನನ್ನ ಮಾನ ಕಾಯಬೇಡವೇ? "ಎಂಟೂವರೆಗಲ್ಲದೆ ಎಂಟಕ್ಕೆ ಬಂದು ಬರೀ ಸೀಟು ಓಡಿಸಲೇನು? ಆ ಬುಕಿಂಗಿನವ ಸುಳ್ಳು ಹೇಳ್ತಾನೆ ಅಂತ ಇಡೀ ಸಾಗರಕ್ಕೆ ಗೊತ್ತು. ಏಳೂವರೆ ಅಂದ್ರೆ ಜನ ಎಂಟೂಕಾಲಿಗೇ ಮನೆ ಬಿಡೋದು!" ಎಂದು ತೊಡೆ ತಟ್ಟಿದೆ.

ಮೂವರೂ ಒಬ್ಬರ ಮುಖ ಒಬ್ಬರು ನೋಡಿದೆವು. ಎದುರಿನವನನ್ನು ಗೆಲ್ಲಿಸುವ ಭರದಲ್ಲಿ ಮೂವರೂ ತಮ್ಮ ತಮ್ಮ ಗುಟ್ಟನ್ನೇ ಬಿಟ್ಟುಕೊಟ್ಟಿದ್ದೆವು! ಬಸ್ಸು ತಡವಾಗುತ್ತಿದ್ದದ್ದು ರಸ್ತೆಯಿಂದಲೂ ಅಲ್ಲ, ಸ್ಪ್ರಿಂಗಿನಿಂದಲೂ ಅಲ್ಲ. ಇನ್ನೊಬ್ಬ ತಡಮಾಡುತ್ತಾನೆಂದು ಪ್ರತಿಯೊಬ್ಬನೂ ಮೊದಲೇ ಲೆಕ್ಕ ಹಾಕಿ ತಾನೂ ತಡಮಾಡುತ್ತಿದ್ದ. ಮಾವ ಡಬ್ಬ ಬಡಿಯುವುದನ್ನು ಬಿಟ್ಟು, ಮಗು ಹುಟ್ಟಿದ ಸುದ್ದಿ ಕೇಳಿದವನಂತೆ ಮುಖ ಅರಳಿಸಿ, "ಎಲ್ಲರದ್ದೂ ಸರಿಯೇ ಅಲ್ವನಾ!" ಎಂದ.

ಅಷ್ಟಾದದ್ದೇ ಕಟ್ಟೆ ಒಡೆದ ಹಾಗೆ ಮಾತು ಹರಿಯಿತು. ಮೊದಲು ಇಳಿಯುವವರ ಸಾಮಾನು ಮೇಲಕ್ಕೆ, ಕೊನೆಗೆ ಇಳಿಯುವವರದ್ದು ಅಡಿಗೆ ಎಂದು ಇಬ್ರಾಹಿಂ ಗುಮಾಸ್ತನಾಗಿ ಹೇಳಿದರು. ಬ್ರೇಕು ನೋಡುವುದು ಹಿಂದಿನ ಸಂಜೆಯೇ ಆಗಲಿ ಎಂದು ಸಣ್ಣಯ್ಯ ಫಿಟ್ಟರಾಗಿ ಹೇಳಿದ. ದೋಸೆ ಕಟ್ಟಿಸಿಕೊಂಡು ಹೋಗಿ ಹೊಸನಗರದಲ್ಲಿ ತಿನ್ನುತ್ತೇನೆ ಎಂದು ನಾನು ಡ್ರೈವರಾಗಿ ಒಪ್ಪಿದೆ. ಸಣ್ಣಯ್ಯ ನನ್ನನ್ನು ತಿನ್ನುವವನಂತೆ ನೋಡಿದ, ಆದರೆ ಫಿಟ್ಟರಾಗಿದ್ದ ಕಾರಣ ಮಾತಾಡುವಂತಿರಲಿಲ್ಲ!

ದೀಪಾವಳಿಗೆ ಇನ್ನು ಕೆಲವೇ ದಿನ. ಸಾಹುಕಾರರು ತಾವೇ ಬಸ್ಸಿನಲ್ಲಿ ತೀರ್ಥಹಳ್ಳಿಗೆ ಹೋಗಿ ಕಣ್ಣಾರೆ ನೋಡುವುದೆಂದು ಹೇಳಿ ಕಳಿಸಿದರು. ಆ ದಿನ ಬೆಳಿಗ್ಗೆ ಬ್ರೇಕು ಸರಿಯಿತ್ತು, ಸಾಮಾನು ಸರಿಯಿತ್ತು, ದೋಸೆ ಪೊಟ್ಟಣದಲ್ಲಿತ್ತು. ಎಂಟು ಗಂಟೆಗೆ ಸಣ್ಣಯ್ಯ ಯಾರಿಗೂ ಕಾಯದೆ ಹಾರನ್ ಹೊಡೆದು ಹೊರಟೇಬಿಟ್ಟ. ತೀರ್ಥಹಳ್ಳಿಯಲ್ಲಿ ಘಟ್ಟದ ಬಸ್ಸು ಇನ್ನೂ ನಿಂತೇ ಇತ್ತು. ನಮ್ಮ ಜನ ಆರಾಮವಾಗಿ ಇಳಿದು, ಕಾಫಿ ಕುಡಿದು ಅದನ್ನು ಹತ್ತಿದರು. ಕಂಪನಿಯ ಚರಿತ್ರೆಯಲ್ಲೇ ಮೊದಲ ಸಲ!

ಸಾಹುಕಾರರು ಎಲ್ಲಿ ಎನ್ನುತ್ತೀರಾ? ಸಾಗರದಲ್ಲಿ! ಇಷ್ಟು ವರ್ಷದ ನಮ್ಮ ಸುಳ್ಳಿನಲ್ಲಿ ಪಳಗಿದ ಪೇಟೆಯಲ್ಲವೇ? ಎಲ್ಲರ ಹಾಗೆ ಅವರೂ ತಮ್ಮ ಲೆಕ್ಕ ಹಾಕಿಕೊಂಡು, ಜರತಾರಿ ಶಲ್ಯ ಹೊದ್ದು, ಎಂಟೂಕಾಲಿಗೆ ಮನೆ ಬಿಟ್ಟರು. ಬಂದು ನೋಡಿದರೆ ಬಸ್ಸು ನಿಲ್ಲುವ ಜಾಗದಲ್ಲಿ ಒಂದು ಹಸು ಮಲಗಿತ್ತು. ಅದರ ಸುತ್ತ ಬಸ್ಸು ತಪ್ಪಿದ ಅರ್ಧ ಊರು. ಧಣಿಯನ್ನೇ ಬಿಟ್ಟು ಹೋದ ಬಸ್ಸು ಎಂದು ಸಂಜೆಯೊಳಗೆ ಹೋಟೆಲು ಹೋಟೆಲುಗಳಲ್ಲಿ ನಗೆಯೋ ನಗೆ. ಸಾಹುಕಾರರು ಕೆಂಡವಾದರು. ಸಣ್ಣಯ್ಯನನ್ನು ತೆಗೆಯುತ್ತೇನೆ, ಲೈನನ್ನು ನಾಳೆಯೇ ಮಾರುತ್ತೇನೆ ಎಂದು ಕೂತರು.

ಯಾರಾದರೂ ಹೋಗಿ ಮಾತಾಡಬೇಕಿತ್ತು. ಹೋಗುವವನು ಮ್ಯಾನೇಜರೇ ಅಲ್ಲವೇ? ಮಾವ ಕೋಟು ಹಾಕಿಕೊಂಡು ಹೊರಟ. ಶೆಡ್ಡಿನ ಬಾಗಿಲಲ್ಲಿ ಸಣ್ಣಯ್ಯ, "ದೇವ್ರೇ, ಸಂಧಾನಕ್ಕೆ ಇವ್ರೇ ಆಗ್ಬೇಕಿತ್ತಾ?" ಎಂದು ಹಣೆ ಹಣೆ ಬಡಿದುಕೊಂಡ. ಯಾರಿಗೂ ಆಸೆ ಉಳಿದಿರಲಿಲ್ಲ. ಇಬ್ರಾಹಿಂ ಸಾಹೇಬರು ತಮ್ಮ ಸ್ಪಾನರುಗಳನ್ನು ಒರೆಸಿ ಚೀಲಕ್ಕೆ ತುಂಬತೊಡಗಿದರು.

ಮಾವ ಬೇಗನೇ ಬಂದ. "ಲೈನು ಮಾರೋದಿಲ್ಲ. ಸಣ್ಣಯ್ಯ, ನೀ ನಾಳೆ ಎಂಟಕ್ಕೇ ಹೊರಡು," ಎಂದ.

ನಮಗೆ ನಂಬಲಾಗಲಿಲ್ಲ. "ಸಾಹುಕಾರ್ರು ಒಪ್ಪಿಕೊಂಡ್ರನಾ?" ಎಂದು ಸಣ್ಣಯ್ಯ ಕೇಳಿದ.

"ಅವರು ಹೇಳಿದ್ದಕ್ಕೆ ನಾನು ಒಪ್ಪಿಕೊಂಡೆ. ಊರೆಲ್ಲ ನಗಾಡಿದ ಮೇಲೆ ಅವರ ಮರ್ಯಾದೆಗಾದ್ರೂ ಯಾರಾದ್ರೂ ಒಬ್ರು ಮನೆಗೆ ಹೋಗ್ಬೇಕಂತೆ. ಬಸ್ಸು ತಾನಾಗೇ ಹೊತ್ತಿಗೆ ಹೊರಡೋ ಹಾಗಾದ್ರೆ ಮ್ಯಾನೇಜರ್ ಎಂತಕ್ಕೆ ಅಂದ್ರು. ಅದೂ ಸರಿಯೇ." ಮಾವ ಕೋಟಿನ ಜೇಬಿನಿಂದ ಆಫೀಸಿನ ಬೀಗದ ಕೈ ತೆಗೆದು ನನ್ನ ಕೈಗಿಟ್ಟ.

ನೋಡಿದಿರಾ? ಬಿದ್ದವನ ಬಾಣ ಕೀಳಲು ಹೋಗಿ ತನ್ನ ಎದೆಗೇ ಚುಚ್ಚಿಕೊಳ್ಳುವ ಪೈಕಿ! ಅತ್ತೆ ಅಂದು ಬೈಯಲೂ ಇಲ್ಲ. ಗಟ್ಟಿ ಹಾಲು ಹಾಕಿ ಕಾಫಿ ಮಾಡಿಕೊಟ್ಟಳು.

ಮತ್ತೆ ಸೋಮವಾರ ಬಂತು. ಯಾರೂ ಕರೆಯಲಿಲ್ಲ, ಆದರೂ ಮಧ್ಯಾಹ್ನಕ್ಕೆ ಎಲ್ಲರೂ ಶೆಡ್ಡಿನಲ್ಲಿದ್ದೆವು. ಕೆಲಸ ಬಿಟ್ಟವನು ಬರುವುದು ಚೆನ್ನಾಗಿರುವುದಿಲ್ಲ ಎಂದು ಮಾವ ಮನೆಯಲ್ಲೇ ಉಳಿದಿದ್ದ. ಇಬ್ರಾಹಿಂ ಸಾಹೇಬರು ಸುಮ್ಮನೆ ಎದ್ದು ಡಬ್ಬ ಬೋರಲು ಹಾಕಿದರು. ಸಣ್ಣಯ್ಯ ಟವೆಲನ್ನು ಶಲ್ಯದ ಹಾಗೆ ಹೊದ್ದು ಸಾಹುಕಾರರಾಗಿ ಕೂತ. ಎಲ್ಲರೂ ನನ್ನನ್ನು ನೋಡಿದರು. ನಾನು ಮಾವನಾಗಿ ಅವನೆದುರು ಕೂತೆ.

"ಬಸ್ಸು ತಾನಾಗೇ ಓಡ್ತದೆ. ಇನ್ನು ನೀವು ಎಂತಕ್ಕೆ? ಹೇಳಿ ಮ್ಯಾನೇಜರೇ," ಎಂದ ಸಣ್ಣಯ್ಯ.

ನನ್ನ ಅರ್ಥ ಒಂದೇ ಮಾತಿನದು. ಮೂರು ತಾಲೂಕಿಗೆ ಗೊತ್ತಿದ್ದ ಮಾತು. ಬಾಯಿ ತೆರೆದೆ, ಅದು ಬರಲಿಲ್ಲ.

"ಸರಿಯಲ್ಲ," ಎಂದೆ. "ಇದು ಸರಿಯಲ್ಲ."

ಸಣ್ಣಯ್ಯ ಸಾಹುಕಾರರ ಪರವಾಗಿ ಏನಾದರೂ ಹೇಳಬೇಕಿತ್ತು. ನಿಯಮ ಹಾಗಿತ್ತು. ಅವನು ಶಲ್ಯವಾಗಿದ್ದ ಟವೆಲನ್ನು ತೆಗೆದು ಮುಖ ಒರೆಸಿಕೊಂಡು, "ಅದೂ ಸರಿಯೇ" ಎಂದ.

ಸಂಜೆ ಮನೆಗೆ ಹೋದಾಗ ಮಾವ ಜಗಲಿಯಲ್ಲಿ ಕಾಯುತ್ತ ಕೂತಿದ್ದ.

"ಇವತ್ತು ಶೆಡ್ಡಲ್ಲಿ ಕೂತಿದ್ರಂತೆ? ಯಾರು ಗೆದ್ರೋ?"

"ನೀನು ಗೆದ್ದೆ ಮಾವ," ಎಂದೆ. "ಸಾಹುಕಾರ್ರು ಸೋತ್ರು."

ಹುಟ್ಟಿದಂದಿನಿಂದ ಒಂದು ವಾದವನ್ನೂ ಗೆಲ್ಲದ ಮನುಷ್ಯ. ಸ್ವಲ್ಪವಾದರೂ ಖುಷಿಪಡಬಾರದೇ? ಗಲ್ಲಕ್ಕೆ ಕೈಹಚ್ಚಿ ಅಂಗಳ ನೋಡುತ್ತ ಕೂತ. ಆಮೇಲೆ, "ಪಾಪ," ಎಂದ. "ಅವರ ಕಡೆಗೆ ಮಾತಾಡೋಕೆ ಅಲ್ಲಿ ಒಬ್ರೂ ಇರ್ಲಿಲ್ವನೋ?"

ಇಂಥವನನ್ನು ಏನು ಮಾಡುವುದು, ಹೇಳಿ! ಕೈಕಾಲು ತೊಳೆಯುವ ನೆಪದಲ್ಲಿ ಬಾವಿಕಟ್ಟೆಗೆ ಹೋಗಿ, ಮುಖಕ್ಕೆ ತುಂಬಾ ಹೊತ್ತು ನೀರು ಹಾಕಿಕೊಂಡೆ.